ಬೋಲ್ಟು ಬಿಚ್ಚದೆ ಎಣ್ಣೆ ನೋಡಿದ ಮಹನೀಯರಿಗೆ

ಅಧಿಕೃತ ಸರ್ವಿಸ್ ಕೇಂದ್ರದ ಮಾನ್ಯ ವ್ಯವಸ್ಥಾಪಕರೇ,

ತಮ್ಮ ಗಾಜಿನ ಕೋಣೆಗೂ, ಅದರೊಳಗಿನ ತಂಪಿಗೂ, ಕಾಯುತ್ತ ಕೂತ ಗ್ರಾಹಕರು ಅರ್ಧಕ್ಕರ್ಧ ಮುಳುಗಿಹೋಗುವ ಆ ಮೆತ್ತನೆಯ ಸೋಫಾಗೂ ನನ್ನ ನಮ್ರ ವಂದನೆಗಳು. ನಾನು ಹತ್ತೊಂಬತ್ತು ವರ್ಷಗಳಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿರುವ ಹೆಂಗಸು. ಎರಡೂ ಕಡೆ ಬ್ರೇಕ್ ಇರುವ, ಹಿಂದಿನ ಗಾಜಿನ ಮೇಲೆ ‘ಕಲಿಯುತ್ತಿದ್ದಾರೆ, ದೂರವಿರಿ’ ಎಂದು ಬರೆದಿರುವ ನನ್ನ ಬಿಳಿ ಕಾರನ್ನು ತಾವು ಬಲ್ಲಿರಿ. ಅದು ತಮ್ಮಲ್ಲಿ ಆರು ಬಾರಿ ಸರ್ವಿಸ್ ಆಗಿದೆ. ಆರು ಬಾರಿಯೂ ತಮ್ಮವರು ಕೊಟ್ಟ ಕಾಗದದಲ್ಲಿ ‘ಗೇರ್ ಆಯಿಲ್ ಪರೀಕ್ಷಿಸಲಾಗಿದೆ’ ಎಂಬ ಸಾಲಿನ ಮುಂದೆ ಮುದ್ದಾದ ಒಂದು ಸರಿ ಗುರುತು ಬಿದ್ದಿದೆ. ಅಷ್ಟು ಚೆಂದದ ಗುರುತು ನನಗೆ ಶಾಲೆಯ ದಿನಗಳಲ್ಲಿ ಗಣಿತದ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಅದರ ಮಹಿಮೆಯನ್ನು ನಾಲ್ಕು ಜನರೆದುರು ಕೊಂಡಾಡುವುದಕ್ಕೇ ಈ ಪತ್ರ.

ನನ್ನಲ್ಲಿ ಕಲಿಯಲು ಬಂದವರಲ್ಲಿ ಹೊಲಿಗೆ ಅಂಗಡಿಯ ಅಮ್ಮ ಒಬ್ಬರು. ವಯಸ್ಸು ಐವತ್ತೆರಡು. ಶಾಲೆಗಳಿಗೆ ಸಮವಸ್ತ್ರ ಹೊಲಿದು ತಮ್ಮದೇ ವ್ಯಾನಿನಲ್ಲಿ ತಲುಪಿಸುವ ಉದ್ಯೋಗ. ವ್ಯಾನು ಓಡಿಸುತ್ತಿದ್ದ ಯಜಮಾನರ ಕಣ್ಣು ಮಂಜಾಗುತ್ತ ಬಂದು, ಇನ್ನು ಸ್ಟಿಯರಿಂಗ್ ಮುಟ್ಟಕೂಡದೆಂದು ಡಾಕ್ಟರು ಹೇಳಿಬಿಟ್ಟ ಮೇಲೆ, ಶಾಲೆ ಶುರುವಾಗುವುದರೊಳಗೆ ಲೈಸೆನ್ಸ್ ಆಗಲೇಬೇಕೆಂದು ಹಟ ತೊಟ್ಟು ಬಂದವರು. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲಾದ್ದರಿಂದ ಮೊದಲ ದಿನವೇ ಕ್ಲಚ್ಚನ್ನು ಎಷ್ಟು ನಯವಾಗಿ ಬಿಟ್ಟರೆಂದರೆ ನನಗೇ ಹೊಟ್ಟೆಕಿಚ್ಚಾಯಿತು. ಆದರೆ ಎರಡರಿಂದ ಮೂರನೇ ಗೇರಿಗೆ ಹಾಕುವಾಗ ಮಾತ್ರ ಕಾರು ಕಟಕಟನೆ ಹಲ್ಲು ಕಡಿಯುತ್ತಿತ್ತು, ಒಂದು ದಿನವಲ್ಲ, ದಿನಾ.

ನಾನು ಬೈದೆ. ಬೈಯುವುದರಲ್ಲಿ ನಾನು ಈ ಊರಿನಲ್ಲಿ ಸ್ವಲ್ಪ ಹೆಸರು ಮಾಡಿದವಳು. ಹನ್ನೊಂದನೆಯ ದಿನ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ, ಬಸ್ಸೊಂದು ಬೆನ್ನಿಗೇ ಬಂದು ಹಾರ್ನ್ ಹೊಡೆಯುತ್ತಿರುವಾಗ, ಗೇರು ಮತ್ತೆ ಕಿರುಚಿತು. “ಇದು ಕಾರು ಕಣ್ರೀ, ನಿಮ್ಮ ಹೊಲಿಗೆ ಮಷೀನಲ್ಲ! ಕ್ಲಚ್ ಪೂರ್ತಿ ಒತ್ತಿ ಅಂತ ಎಷ್ಟು ಸಲ ಬಡ್ಕೊಳ್ಲಿ?” ಎಂದು ಬಸ್ಸಿನವರಿಗೂ ಕೇಳಿಸುವಂತೆ ಕೂಗಿದೆ.

ಅವರು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಶಾಂತವಾಗಿ ಹೇಳಿದರು: “ಪೂರ್ತಿ ಒತ್ತಿದೀನಿ ಮೇಡಂ. ಗಾಡಿಗೇ ಏನೋ ಆಗಿದೆ. ಎಣ್ಣೆ ಕಾಣದ ಮಷೀನಿನ ಸದ್ದು ನನಗೆ ಗೊತ್ತಾಗುತ್ತೆ.”

ಆಗ ನಾನು ಡ್ಯಾಶ್‌ಬೋರ್ಡಿನ ಗೂಡಿನಿಂದ ತಮ್ಮ ಕಾಗದವನ್ನು ತೆಗೆದು ಅವರ ಮುಖದೆದುರು ಹಿಡಿದೆ. “ಓದಿ. ಕಂಪನಿಯವರೇ ನೋಡಿದಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?” ಅವರು ಓದಿದರು, ಕಾಗದವನ್ನು ಅದರ ಮಡಿಕೆಯಲ್ಲೇ ಮಡಚಿ ನನ್ನ ಕೈಗಿತ್ತರು, ಇಳಿದು ನಡೆದುಕೊಂಡೇ ಮನೆಗೆ ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಒಂಬತ್ತು ದಿನಗಳ ನಂತರ ನಾನೊಬ್ಬಳೇ ಹೋಗುತ್ತಿದ್ದಾಗ, ನನ್ನದೇ ಕಾಲು, ನನ್ನದೇ ಕೈ, ಮೂರನೇ ಗೇರು ಅದೇ ರಾಗದಲ್ಲಿ ಕಿರುಚಿತು. ಬೈಯೋಣವೆಂದರೆ ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಸೋಫಾ ಇಲ್ಲದ ಗ್ಯಾರೇಜೊಂದಿದೆ. ಅಲ್ಲಿಯ ಮೇಸ್ತ್ರಿ ಮಾಡಿದ ಕೆಲಸವನ್ನು, ತಮ್ಮವರಿಗೆ ಅದರ ಪರಿಚಯ ಇರಲಿಕ್ಕಿಲ್ಲವೆಂಬ ಒಂದೇ ಕಾಳಜಿಯಿಂದ, ವಿವರಿಸುತ್ತೇನೆ. ಎಂಜಿನ್ನಿಗಿರುವಂತೆ ನನ್ನ ಕಾರಿನ ಗೇರ್‌ಬಾಕ್ಸಿಗೆ ಅಳತೆಯ ಕಡ್ಡಿ ಇಲ್ಲ. ಕಾರು ತಣ್ಣಗಾದ ಮೇಲೆ ಅದನ್ನು ನಾಲ್ಕೂ ಕಡೆ ಸಮವಾಗಿ ಎತ್ತಿ ನಿಲ್ಲಿಸಿ, ಅಡಿಗೆ ನುಸುಳಿ, ಗೇರ್‌ಬಾಕ್ಸಿನ ಪಕ್ಕದಲ್ಲಿರುವ ಬೋಲ್ಟನ್ನು ಬಿಚ್ಚಿ, ತೂತಿನೊಳಗೆ ಕಿರುಬೆರಳು ಹಾಕಬೇಕು. ಎಣ್ಣೆ ತೂತಿನ ಅಂಚಿನವರೆಗೆ ಇದ್ದರೆ ಬೆರಳು ನೆನೆಯುತ್ತದೆ. ಇಷ್ಟೇ. ಇದಕ್ಕೆ ಬೇಕಾದ್ದು ಒಂದು ಸ್ಪ್ಯಾನರ್, ಒಂದು ಬೆರಳು ಮತ್ತು ಬಟ್ಟೆ ಕೊಳೆಯಾದರೂ ಪರವಾಗಿಲ್ಲವೆಂಬ ಮನಸ್ಸು.

“ಅಕ್ಕಾ, ಬಿಚ್ಚೋಕೆ ಮುಂಚೆ ನೀವೇ ಬಂದು ನೋಡಿ” ಎಂದು ಮೇಸ್ತ್ರಿ ಕೂಗಿದ. ರಟ್ಟಿನ ಮೇಲೆ ಅಂಗಾತ ಮಲಗಿ ಒಳಗೆ ಜಾರಿದೆ. ಬೋಲ್ಟಿನ ತಲೆಯ ಮೇಲಿಂದ ಗೇರ್‌ಬಾಕ್ಸಿನ ಮೈಗೆ ಹಾದುಹೋದ ಹಳದಿ ಬಣ್ಣದ ಗೆರೆಯೊಂದಿತ್ತು. ಕಾರ್ಖಾನೆಯಲ್ಲಿ ಎಳೆದದ್ದಂತೆ, ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಒಡೆಯುವಂಥದ್ದು. ಅದು ಹುಟ್ಟಿದ ದಿನದಂತೆಯೇ ಅಖಂಡವಾಗಿತ್ತು. ಮೇಸ್ತ್ರಿ ಬಿಚ್ಚಿ ಕಿರುಬೆರಳು ಹಾಕಿದ. ಬೆರಳು ಎರಡನೇ ಗೆಣ್ಣಿನವರೆಗೆ ಹೋಗಿ ಚೂರೂ ನೆನೆಯದೆ ವಾಪಸ್ಸು ಬಂತು. ಆಚೆ ಕಡೆಯ ರಬ್ಬರ್ ಸೀಲಿನಿಂದ ಎಣ್ಣೆ ವರ್ಷಗಟ್ಟಲೆ ತೊಟ್ಟು ತೊಟ್ಟಾಗಿ ಸೋರಿಹೋಗಿತ್ತು.

ಮಾನ್ಯರೇ, ಬೋಲ್ಟು ಬಿಚ್ಚದೆ, ಬೆರಳು ಹಾಕದೆ, ಉಕ್ಕಿನ ಗೋಡೆಯಾಚೆಗಿನ ಎಣ್ಣೆಯನ್ನು ಆರು ಬಾರಿ ಕಂಡ ತಮ್ಮ ಸಿಬ್ಬಂದಿಯನ್ನು ಯಾವ ಬಾಯಿಂದ ಹೊಗಳಲಿ! ಅವರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡೇ ನೋಡಿರಬೇಕು, ಗೇರ್‌ಬಾಕ್ಸಿನ ಪಾಲಿನ ಎಣ್ಣೆ ಅಲ್ಲಿಗೇ ಖರ್ಚಾಗಿರಬೇಕು. ದಯವಿಟ್ಟು ಆ ಮಹನೀಯರನ್ನು ವಾರಕ್ಕೆರಡು ದಿನ ದೊಡ್ಡಾಸ್ಪತ್ರೆಗೆ ಕಳಿಸಿಕೊಡಿ. ಅಲ್ಲಿ ಎಕ್ಸ್‌ರೇ ಯಂತ್ರ ಕೆಟ್ಟಿದೆ, ರೋಗಿಗಳು ಸಾಲಾಗಿ ನಿಂತಿದ್ದಾರೆ. ಉಳಿದ ದಿನಗಳಲ್ಲಿ ಅವರು ನನ್ನ ಪಕ್ಕದ ಸೀಟಿನಲ್ಲಿ ಕೂತು ನನ್ನ ಬೈಗುಳಗಳನ್ನು ಸ್ವೀಕರಿಸಿದರೆ ಕಲಿಯುವವರ ಹೊರೆ ಎಷ್ಟೋ ಇಳಿಯುತ್ತದೆ.

ತಪ್ಪಿನಲ್ಲಿ ಅರ್ಧ ಪಾಲು ನನ್ನದೇ. ಆ ಪಾಲನ್ನು ಹೊತ್ತುಕೊಂಡು ಹೊಲಿಗೆ ಅಂಗಡಿಗೆ ಹೋದೆ. ಅಮ್ಮ ನೀಲಿ ಲಂಗಗಳ ರಾಶಿಯ ನಡುವೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂತಿದ್ದರು. ನನ್ನನ್ನು ಕಂಡು ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು ಕೇಳಿದರು: “ಒಣಗಿತ್ತಲ್ವಾ?”

“ಒಣಗಿತ್ತು. ತಪ್ಪಾಯ್ತಮ್ಮಾ” ಎಂದೆ.

“ಬೈದಿದ್ದಕ್ಕೆ ಬೇಜಾರಾಗಿದ್ದಲ್ಲ ಮೇಡಂ. ಆ ಕಾಗದ ತೋರಿಸಿದ್ರಲ್ಲ, ಅವತ್ತಿಂದ ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಹೋಯ್ತು. ಎರಡು ದಿನ ಹೊಲಿಗೆ ಸೊಟ್ಟಸೊಟ್ಟ ಬಿತ್ತು. ಬಿಚ್ಚಿ ಬಿಚ್ಚಿ ಹೊಲಿದೆ.”

ಒಳಗಿನಿಂದ ಯಜಮಾನರು, “ನಾಳೆ ಎಷ್ಟು ಗಂಟೆಗೆ ಕಳಿಸಲಿ?” ಎಂದು ಕೇಳಿದರು. ಆ ಮನೆಯವರ ದೊಡ್ಡತನ ಅದು.

ಹೊಸ ಸೀಲು, ಹೊಸ ಎಣ್ಣೆ ಬಿದ್ದ ಮೇಲೆ ಅಮ್ಮ ಮತ್ತೆ ಆರು ದಿನ ಬಂದರು, ಮೊದಲ ಸಲಕ್ಕೇ ಪಾಸಾದರು. ಈಗ ವ್ಯಾನು ಅವರದೇ ಕೈಯಲ್ಲಿ ಓಡುತ್ತಿದೆ. ನನ್ನ ಕಾರಿಗೆ ಮಾತ್ರ ಆ ಭಾಗ್ಯವಿಲ್ಲ. ಒಳಗಿನ ಹಿತ್ತಾಳೆ ಉಂಗುರ ಸವೆದಿರುವುದರಿಂದ ಮೂರನೇ ಗೇರಿನ ನರಳಾಟ ಪೂರ್ತಿ ಹೋಗುವುದಿಲ್ಲವಂತೆ. ಹೊಸಬರು ಬಂದ ಮೊದಲ ದಿನವೇ “ಈ ಸದ್ದು ನಿಮ್ಮದಲ್ಲ” ಎಂದು ಹೇಳಿಬಿಡುತ್ತೇನೆ.

ಅದೇ ಮಾತನ್ನು ತಾವೂ ತಮ್ಮ ಸಂಸ್ಥೆಯ ಹೆಸರಿರುವ ಹಾಳೆಯಲ್ಲಿ ಬರೆದು, ಸಹಿ ಹಾಕಿ, ಹೊಲಿಗೆ ಅಂಗಡಿಯ ಅಮ್ಮನಿಗೆ ಕಳಿಸಿಕೊಡಬೇಕೆಂಬುದು ನನ್ನ ಏಕೈಕ ಬೇಡಿಕೆ. ಅವರಿಗೆ ಅದರ ಅಗತ್ಯವಿಲ್ಲ, ಅವರ ಹೊಲಿಗೆ ಮತ್ತೆ ನೆಟ್ಟಗಾಗಿದೆ. ನಿಜವನ್ನು ಬರೆಯುವುದು ತಮ್ಮವರಿಗೂ ಒಮ್ಮೆ ಅಭ್ಯಾಸವಾಗಲಿ ಎಂದಷ್ಟೇ.

ವಿಶ್ವಾಸ ತಳ ಕಂಡಿದ್ದರೂ ಸಂಪ್ರದಾಯ ಬಿಡಲಾರದೆ,
ತಮ್ಮ ವಿಶ್ವಾಸಿ,
ಡ್ರೈವಿಂಗ್ ಶಾಲೆಯ ಮೇಡಂ

ಮರೆತ ಮಾತು: ನಿನ್ನೆ ತಮ್ಮ ಕಚೇರಿಯಿಂದ ಫೋನ್ ಬಂದು, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಎಂದು ಕೇಳಲು ಶುರುಮಾಡಿದರು. ಐದಕ್ಕೆ ಐದನ್ನೂ ಕೊಟ್ಟಿದ್ದೇನೆ. ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ತಮ್ಮಲ್ಲಿ ಹಾಗೆಯೇ ಪದ್ಧತಿ ಎಂದು ತಿಳಿದಿದ್ದೇನೆ.