ಹಗುರವಾದ ಒಂದು ಡಜನ್

ಜೂನ್ ತಿಂಗಳ ಆ ಬೆಳಿಗ್ಗೆ ಬುಲಕಾನ್ ಊರಿನ ನೆತ್ತಿಯ ಮೇಲೆ ಮೋಡಗಳು ಎಮ್ಮೆಗಳ ಹಿಂಡಿನಂತೆ ಮಲಗಿದ್ದವು. ಏಳುವ ಲಕ್ಷಣವಿರಲಿಲ್ಲ. ಪ್ಲಾಸಿಡೊನ ಒಬ್ಬಳೇ ಮಗಳ ಮದುವೆ ಅಂದೇ. ಊಟ ಅಂಗಳದಲ್ಲಿ; ಬಣ್ಣದ ಕಾಗದದ ತೋರಣ ಬಿಟ್ಟರೆ ಆಕಾಶವೇ ಚಪ್ಪರ.

"ಹತ್ತು ಗಂಟೆಯೊಳಗೆ ಈ ಹನ್ನೆರಡು ಮೊಟ್ಟೆ ಸಂತ ಕ್ಲಾರಮ್ಮನ ಮಠಕ್ಕೆ ಮುಟ್ಟಬೇಕು," ಎಂದು ಹೆಂಡತಿ ಕ್ರಿಸ್ಪಿನಾ ಬುಟ್ಟಿ ಕೊಟ್ಟಳು. "ಮುಟ್ಟಿದ್ರೆ ಮಳೆ ಬರಲ್ಲ. ಮುಟ್ಟದಿದ್ರೆ ನೀವು ಮನೆಗೆ ಬರ್ಬೇಡಿ."

ಬಾಡಿಗೆಯ ಮೋಟಾರು ಟ್ರೈಸಿಕಲ್ ಹೊರಡುವಷ್ಟರಲ್ಲಿ ಪಕ್ಕದ ಮನೆಯ ಬೆನಿಲ್ಡಾ ಹತ್ತಿ ಕೂತಳು. "ಬುಟ್ಟಿ ಇಲ್ಲಿ ಕೊಡಿ ಪ್ಲಾಸಿಡಣ್ಣ. ಗಂಡಸರ ಕೈಯಲ್ಲಿ ಮೊಟ್ಟೆ ಉಳಿದದ್ದುಂಟಾ?"

ಮೊದಲ ಗುಂಡಿಗೆ ಬುಟ್ಟಿ ಕರಕ್ಕೆಂದಿತು. ಎರಡನೆಯದಕ್ಕೆ ಅವಳ ಮಡಿಲಲ್ಲಿ ಹಳದಿ ಹೊಳೆ ಹರಿಯಿತು.

"ಅಯ್ಯಯ್ಯೋ, ಎಂಥಾ ಬುಟ್ಟಿ ತಂದಿದೀರ್ರೀ! ಸೋರುತ್ತಲ್ಲ!"

ಬೇರೆ ಕೊಂಡುಕೊಳ್ಳಿ ಎಂದು ಅವಳು ಪೇಟೆಯಲ್ಲಿ ಇಳಿದುಹೋದಳು. ಅಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಮದುವೆಯ ತಿಂಗಳು, ಎಲ್ಲ ಮೊಟ್ಟೆಯೂ ಸಿಹಿತಿಂಡಿಯ ಪಾತ್ರೆ ಸೇರಿತ್ತು. ಅಷ್ಟರಲ್ಲಿ ಗುಡುಗು ಗಂಟಲು ಸರಿಮಾಡಿಕೊಂಡಿತು. ಒಂಬತ್ತೂವರೆ!

ಪ್ಲಾಸಿಡೊ ಕಳ್ಳನಂತೆ ತನ್ನದೇ ಹಿತ್ತಲಿಗೆ ನುಗ್ಗಿದ. ಬೇಲಿಯ ಕತ್ತಾಳೆಯ ಮುಳ್ಳುಮುಳ್ಳಿಗೂ ಒಂದೊಂದು ಮೊಟ್ಟೆಚಿಪ್ಪಿನ ಟೋಪಿ. ಮಕ್ಕಳ ಕಣ್ಣಿಗೆ ಚುಚ್ಚದಿರಲೆಂದೂ ಹೂವಿನಂತೆ ಕಾಣಲೆಂದೂ ಕ್ರಿಸ್ಪಿನಾ ಮೊಟ್ಟೆಗೆ ಬೆರಳಷ್ಟೇ ತೂತು ಕೊರೆದು, ಒಳಗಿನದನ್ನು ಅಡುಗೆಗೆ ಸುರಿದು, ಚಿಪ್ಪನ್ನು ಮುಳ್ಳಿಗೆ ಸಿಕ್ಕಿಸುತ್ತಿದ್ದಳು. ಅವನು ಹನ್ನೆರಡು ಚಿಪ್ಪು ಕಿತ್ತು, ಒರೆಸಿ, ತೂತು ಕೆಳಗಾಗಿ ಬುಟ್ಟಿಯಲ್ಲಿ ಜೋಡಿಸಿದ.

ಮಠದ ಗೋಡೆಯಲ್ಲೊಂದು ಮರದ ತಿರುಗುಗೂಡು. ಕಾಣಿಕೆ ಇಟ್ಟು ತಿರುಗಿಸಿದರೆ ಒಳಗಿನ ಸನ್ಯಾಸಿನಿಯರು ಮುಖ ತೋರದೆ ತೆಗೆದುಕೊಳ್ಳುತ್ತಾರೆ. ಜೊತೆಗೆ ಬೇಡಿಕೆಯ ಚೀಟಿ ಇಡಬೇಕು. ಪ್ಲಾಸಿಡೊ ಪೆನ್ನು ಹಿಡಿದ. ಬರಿಚಿಪ್ಪು ಕೊಟ್ಟು ಸಂತಳನ್ನು ಬೇಡುವುದಕ್ಕೆ ಕೈ ಏಳಲಿಲ್ಲ. ಹೆಸರು, ಊರು ಮಾತ್ರ ಬರೆದು ಗೂಡು ತಿರುಗಿಸಿದ.

"ಅಬ್ಬ, ಎಷ್ಟು ಹಗುರ!" ಎಂಬ ದನಿ ಒಳಗಿಂದ ಬರುವಷ್ಟರಲ್ಲಿ ಅವನು ಬೀದಿಯಲ್ಲಿದ್ದ.

ಮಧ್ಯಾಹ್ನದವರೆಗೂ ಮೋಡ ಉಸಿರು ಬಿಗಿಹಿಡಿದಿತ್ತು. ಪ್ಲಾಸಿಡೊ ಕೂಡ. ಅಳಿಯ ಮಾತಾಡಿಸಿದರೆ ಇವನು ಆಕಾಶಕ್ಕೆ ಉತ್ತರ ಕೊಡುತ್ತಿದ್ದ.

"ನೋಡ್ರೇ, ಪ್ಲಾಸಿಡಣ್ಣ ಕೊಟ್ಟ ಮೊಟ್ಟೆ ಮೋಡಾನ ಹೇಗೆ ಕಟ್ಟಿಹಾಕಿದೆ!" ಎಂದು ಬೆನಿಲ್ಡಾ ಸಾರಿದಳು.

ಸುಟ್ಟ ಹಂದಿಗೆ ಕತ್ತಿ ಇಟ್ಟ ಗಳಿಗೆಗೇ ಸುರಿಯಿತು. ಹನಿಯಲ್ಲ, ಹೊಳೆ. ತೋರಣದ ಬಣ್ಣವೆಲ್ಲ ಇಳಿದು ಮದುಮಗನ ಬಿಳಿ ಅಂಗಿ ಗಿಣಿಯಂತಾಯಿತು. ಮಗಳು ಮೇಜಿನಡಿ ಕೂತು ಬಿಕ್ಕಿದಳು.

"ನಿಜ ಹೇಳಿ, ಮುಟ್ಟಿಸಿದ್ರಾ?" ಎಂದಳು ಕ್ರಿಸ್ಪಿನಾ.

"ಮುಟ್ಟಿಸಿದೆ," ಎಂದ ಪ್ಲಾಸಿಡೊ. ದನಿಯೂ ಒಳಗೆ ಏನೂ ಇಲ್ಲದಂತೆ ಹಗುರವಾಗಿತ್ತು.

ಸಂಜೆ ಬೀಗರ ಕಡೆಯವರಲ್ಲಿ ಒಂದು ಡಜನ್ ಮೊಟ್ಟೆ ಬೇಡಿಕೊಂಡು, ತೊಯ್ದು ತೊಪ್ಪೆಯಾಗಿ ಮಠ ತಲುಪಿದ. "ತಾಯಿ, ನಾನು ಪ್ಲಾಸಿಡೊ. ಬೆಳಿಗ್ಗೆ ನಾನು..."

"ಓ, ನೀನೇನಪ್ಪ!" ಗೋಡೆಯಾಚೆ ಮುದಿದನಿ ಅರಳಿತು. "ಎಲ್ರೂ ಮೊಟ್ಟೆ ತರ್ತಾರೆ. ನಮ್ಮ ಬದನೆಗಿಡಕ್ಕೆ ಚಿಪ್ಪು ಬೇಕು ಅಂತ ತಿಳಿದೋನು ನೀನೊಬ್ನೇ. ಆಗ್ಲೇ ಪುಡಿ ಮಾಡಿ ಬುಡಕ್ಕೆ ಹಾಕಿದ್ವಿ. ಚೀಟೀಲಿ ಏನೂ ಕೇಳಿರ್ಲಿಲ್ಲ ನೀನು. ಗಿಡ ಬಲ್ಲೋನಿಗೆ ಇನ್ನೇನು ಬೇಕು ಅಂತ ಹತ್ತೂ ಜನ ಮಂಡಿಯೂರಿ, ನಿನ್ನ ಮನೆ ಅಂಗಳಕ್ಕೆ ಒಳ್ಳೇ ಮಳೆ ಕೊಡು ಅಂತ ಬೇಡಿದ್ವಿ. ಬಂತೇನಪ್ಪ?"

ಪ್ಲಾಸಿಡೊನ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕಿತು.

"ಬಂತು ತಾಯಿ."

ಹನ್ನೆರಡು ಮೊಟ್ಟೆಗಳನ್ನು ಒಂದೊಂದಾಗಿ ಗೂಡಿನಲ್ಲಿಟ್ಟು, ಮೆಲ್ಲಗೆ ಒಳಕ್ಕೆ ತಿರುಗಿಸಿದ.