ಗೌರಿಯ ಓಲೆ

ಬೆಟ್ಟಸ್ವಾಮಿ ಮಾಡಿದ ತಪ್ಪು ಒಂದೇ. ಸತ್ತ ಹಸುವನ್ನು ಮರ್ಯಾದೆಯಾಗಿ ಮಣ್ಣು ಮಾಡಿದ.

ಹಿಂದಿನ ಸಂಜೆ ಹುಲ್ಲಹಳ್ಳಿಯ ಹೊರಗೆ ಹೊಡೆದ ಸಿಡಿಲು, ಅಷ್ಟು ದೊಡ್ಡ ಬಯಲಿನಲ್ಲಿ ವಿಳಾಸ ಕೇಳಿಕೊಂಡು ಬಂದ ಹಾಗೆ ಅವನ ಗೌರಿಯ ಮೇಲೇ ಬಿದ್ದಿತ್ತು. ಮನೆ ನಡೆಯುತ್ತಿದ್ದದ್ದು ಗೌರಿಯ ಹಾಲಿನಿಂದ. ಇನ್ನು ಉಳಿದದ್ದು ಅದರ ಹೆಣ್ಣುಗರು ಒಂದೇ.

"ಒತ್ತಾರೆಗೇ ಮಣ್ಣು ಮಾಡ್ಬುಡವಾ ಕಣ್ಲಾ. ಗೋಮಾತೇನ ಬಿಸ್ಲಿಗೆ ಬುಡಬಾರ್ದು" ಎಂದು ಅವಸರ ಮಾಡಿದವನು ಪಕ್ಕದ ಮನೆಯ ಚಿಕ್ಕಸ್ವಾಮಿ. ಹೋದ ದೀಪಾವಳಿಯಲ್ಲಿ ಗೌರಿಯನ್ನು ಅಗ್ಗಕ್ಕೆ ಮಾರಿದವನೂ ಅವನೇ. ಹಾಗಾಗಿ ಬೆಟ್ಟಸ್ವಾಮಿಗಿಂತ ಎರಡು ಹನಿ ಹೆಚ್ಚೇ ಅತ್ತ. ಬೀದಿಯವರು ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ತೆಂಗಿನ ಸಸಿಯ ಪಕ್ಕ ಗುಂಡಿ ಮುಚ್ಚಿದರು.

ಕೈ ತೊಳೆಯುವಷ್ಟರಲ್ಲಿ ಸಿಡಿಲಿನ ಸುದ್ದಿ ಕೇಳಿದ ಪಶುವೈದ್ಯೆ ಇಂದ್ರಾಣಿಯವರ ಫೋನು ಬಂತು.

"ಸಿಡಿಲಿಗೆ ಸರ್ಕಾರದ ಪರಿಹಾರ ಇದೆ ಕಣ್ರೀ. ಪೋಸ್ಟ್‌ಮಾರ್ಟಂ ಆಗ್ಬೇಕು, ಕಿವೀಲಿರೋ ನಂಬರ್ ಓಲೆ ಸಮೇತ ಫೋಟೊ ಬೇಕು. ಹಸೂನ ಮುಟ್ಬೇಡಿ, ಬರ್ತಿದ್ದೀನಿ."

ಪರಿಹಾರ ಬಂದರೆ ಇನ್ನೊಂದು ಹಸು ಕಟ್ಟಬಹುದು, ಇಲ್ಲದಿದ್ದರೆ ಕೂಲಿಯೇ ಗತಿ. ಬೆಟ್ಟಸ್ವಾಮಿ ಗುದ್ದಲಿ ಎತ್ತಿಕೊಂಡ.

"ಊತಿದ್ನ ತಗೀತಾರಾ? ಪಾಪ ಸುತ್ಕತದೆ, ಬ್ಯಾಡ ಕಣ್ಲಾ!" ಎಂದು ಚಿಕ್ಕಸ್ವಾಮಿ ಗುಂಡಿಗೆ ಅಡ್ಡ ನಿಂತ.

"ಪಾಪ ನಂಗಿರ್ಲಿ ಬುಡಣ್ಣ. ಮನೇಲಿ ಐದು ಒಟ್ಟೆ ಅವೆ."

ಇಬ್ಬರು ಅಗೆದರು, ಹೇಗೆ ಅಗೆಯಬೇಕೆಂದು ಇಪ್ಪತ್ತು ಜನ ಹೇಳಿಕೊಟ್ಟರು. ಗಡಿಬಿಡಿಯಲ್ಲಿ ತೆಂಗಿನ ಸಸಿಯೂ ತುಂಡಾಯಿತು. ಮಧ್ಯಾಹ್ನ ಇಂದ್ರಾಣಿಯವರು ಬರುವ ಹೊತ್ತಿಗೆ ಗೌರಿ ಹಾರ ಸಮೇತ ಮೇಲೆ ಬಂದಿತ್ತು. ಅವರು ಬಗ್ಗಿ ನೋಡಿದರು.

"ಓಲೆ ಎಲ್ರೀ?"

ಕಿವಿಯಲ್ಲಿ ತೂತು ಮಾತ್ರ ಇತ್ತು. ಬೆಟ್ಟಸ್ವಾಮಿ ಅಗೆದ ಮಣ್ಣನ್ನೆಲ್ಲ ಕೈಯಲ್ಲಿ ಕೆದಕತೊಡಗಿದ.

ಎದುರು ಮನೆಯ ಸಣ್ಣತಾಯಮ್ಮ ಮುಂದೆ ಬಂದಳು. "ನಾನೇ ಕತ್ತರಿಸ್ದೆ ಕಣವ್ವ. ಸತ್ತೋರ ಮೈಮೇಲೆ ಒಡ್ವೆ ಬುಟ್ಟು ಊಳ್ತಾರಾ? ಗಂಟೆ, ಓಲೆ ಎಲ್ಡನ್ನೂ ಅದ್ರ ಮಗ್ಳಿಗೆ ಆಕಿವ್ನಿ."

ಕೊಟ್ಟಿಗೆಯಲ್ಲಿ ಕರು ತಾಯಿಯ ಗಂಟೆ ಕಟ್ಟಿಕೊಂಡು, ಹಳದಿ ಓಲೆಯನ್ನು ಕೊರಳಲ್ಲಿ ತೂಗಿಸಿಕೊಂಡು ಮದುವಣಗಿತ್ತಿಯಂತೆ ನಿಂತಿತ್ತು. ಬೆಟ್ಟಸ್ವಾಮಿ ಸಣ್ಣತಾಯಮ್ಮನ ಕಾಲಿಗೇ ಬಿದ್ದ. ಇಂದ್ರಾಣಿಯವರು ನಗುತ್ತಲೇ ಓಲೆ ಬಿಚ್ಚಿಸಿಕೊಂಡು ಅದರ ನಂಬರನ್ನು ಮೊಬೈಲಿನಲ್ಲಿ ಒತ್ತಿದರು. ಒತ್ತಿದ ಮೇಲೆ ನಗು ನಿಂತಿತು.

"ಈ ಹಸು ಹೋದ ಮಳೆಗಾಲದಲ್ಲೇ ಸತ್ತಿದೆಯಲ್ರೀ! ಕಪಿಲಾ ನದಿ ಪ್ರವಾಹದಲ್ಲಿ ಕೊಚ್ಕೊಂಡು ಹೋಯ್ತು ಅಂತ ಇದೆ. ಪರಿಹಾರವೂ ಕೊಟ್ಟಾಗಿದೆ."

"ಯಾರ್ಗೆ ಮೇಡಂ?"

"ಚಿಕ್ಕಸ್ವಾಮಿ ಅಂತ."

ಎಲ್ಲರೂ ತಿರುಗಿದರು. ಪಾಪದ ಮಾತಾಡುತ್ತಿದ್ದವನ ಜಾಗದಲ್ಲಿ ಅವನ ಟವೆಲ್ಲು ಮಾತ್ರ ಬಿದ್ದಿತ್ತು.

"ಅವನ ಮೇಲೆ ದೂರು ಕೊಡಿ. ಆದ್ರೆ ಎರಡನೇ ಸಲ ಸತ್ತ ಹಸುಗೆ ನಾನು ಸಹಿ ಹಾಕೋಕಾಗಲ್ಲ" ಎಂದು ಅವರು ಸ್ಕೂಟರ್ ಹತ್ತಿದರು.

ಬೆಟ್ಟಸ್ವಾಮಿ ಒಬ್ಬನೇ ಮತ್ತೆ ಮಣ್ಣು ಎಳೆಯತೊಡಗಿದ. ಈಗ ಹೇಳಿಕೊಡಲು ಯಾರೂ ಇರಲಿಲ್ಲ. ಸಣ್ಣತಾಯಮ್ಮ ಮಾತ್ರ ಓಲೆಯನ್ನು ಸೆರಗಿನಲ್ಲಿ ಒರೆಸುತ್ತ ಕೇಳಿದಳು, "ಇದ್ನ ಮತ್ತೆ ಕರುಗೇ ಕಟ್ಬುಡ್ಲೇನಪ್ಪ?"

"ಬ್ಯಾಡ ಕಣಕ್ಕ," ಎಂದ ಬೆಟ್ಟಸ್ವಾಮಿ, ತಲೆ ಎತ್ತದೆ. "ಸರ್ಕಾರದ ಲೆಕ್ಕದಲ್ಲಿ ಅದೂ ಸತ್ತೋಯ್ತದೆ."