ಬೆಂಕಿಯಿಲ್ಲದ ಹೊಗೆ

ಎಲ್ಲ ಅನಾಹುತಕ್ಕೂ ಮೂಲ ಭಾವ ಕೊಟ್ಟ ಒಂದು ಸಲಹೆ. ಸಲಹೆಗೆ ಖರ್ಚಿಲ್ಲ ನೋಡಿ, ಅದಕ್ಕೇ ಭಾವಂದಿರು ಅದನ್ನು ಧಾರಾಳವಾಗಿ ಕೊಡುತ್ತಾರೆ.

ರಟ್ಟಿನ ಕಾರ್ಖಾನೆಯಲ್ಲಿ ನಮ್ಮ ಕಥಾನಾಯಕನಿಗೆ ಗಾಳಿ ಗುಮಾಸ್ತ ಎಂದು ಹೆಸರು. ಹೊರಗಿನ ಕಂಪನಿಯವರನ್ನು ಗೊತ್ತುಮಾಡಿ ಕರೆಸಿ, ಚಿಮಣಿಯ ಹೊಗೆಯಲ್ಲಿ ಎಷ್ಟು ಧೂಳಿದೆ, ಎಷ್ಟು ವಿಷವಿದೆ ಎಂದು ಅಳೆಸಿ, ಆ ವರದಿಯನ್ನು ಸರ್ಕಾರಕ್ಕೆ ಮುಟ್ಟಿಸುವುದು ಅವನ ಕೆಲಸ. ಕಳೆದ ಸಲ ಹೊಗೆ ಮಿತಿ ಮೀರಿತ್ತು. ಈ ಸಲವೂ ಫೇಲಾದರೆ ನಿನ್ನ ಕುರ್ಚಿ ನಿನ್ನದಲ್ಲ ಎಂದು ಯಜಮಾನರು ತಣ್ಣಗೆ ಹೇಳಿದ್ದರು. ಬೈದು ಹೇಳಿದ್ದರೆ ಅವನು ಅಷ್ಟು ಹೆದರುತ್ತಿರಲಿಲ್ಲ.

ಅಕ್ಕನ ಗಂಡ ಕೆಲಸ ಮಾಡುತ್ತಿದ್ದದ್ದು ಗೋಡೆಯಾಚೆಯ ಬಣ್ಣದ ಕಾರ್ಖಾನೆಯಲ್ಲಿ. ಅವನದೂ ಇದೇ ಕೆಲಸ, ಆದರೆ ಅಲ್ಲಿ ಯಾವತ್ತೂ ಎಲ್ಲವೂ ಪಾಸು. ಮೊನ್ನೆ ಗೋಡೆಯ ಪಕ್ಕ ನಿಂತು ಗುಟ್ಟು ಬಿಟ್ಟುಕೊಟ್ಟ. ತಾನು ಕರೆಸುವ ಕಂಪನಿಯನ್ನೇ ಕರೆಸು, ತನ್ನ ಪರೀಕ್ಷೆಯ ಮಾರನೆಯ ದಿನವೇ ಇಟ್ಟುಕೋ, ಒಂದೇ ಓಡಾಟದಲ್ಲಿ ಆಗುತ್ತದೆ ಎಂದ. ಆಮೇಲೆ ದನಿ ತಗ್ಗಿಸಿದ.

"ಹೊಗೆ ಕಮ್ಮಿ ಮಾಡೋಕೆ ಒದ್ದಾಡಬೇಡ ಕಣೋ. ಹಿಂದಿನ ಸಂಜೆನೇ ಬೆಂಕಿ ಆರಿಸಿಬಿಡು. ಬೆಂಕಿ ಇಲ್ಲದೆ ಹೊಗೆ ಆಡುತ್ತಾ?"

ಈ ಗಾದೆಗೆ ಯಾರು ತಾನೇ ಎದುರು ಹೇಳಿಯಾರು? ಆದರೆ ಬೆಂಕಿ ಆರಿಸು ಎಂದು ಗುಮಾಸ್ತ ಹೇಳಿದಾಗ ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಣ್ಣ ಮಾತ್ರ ಕೈಗೆ ಅಂಟಿದ ಮಸಿಯನ್ನೇ ನೋಡುತ್ತ ನಿಂತುಬಿಟ್ಟ. ಬಾಯ್ಲರಿನ ಒಲೆಯ ಬೆಂಕಿ ಅವನಿಗೆ ತಿಳಿದಂತೆ ಒಮ್ಮೆಯೂ ಆರಿದ್ದಿಲ್ಲವಂತೆ. ಅವನಿಗಿಂತ ಮೊದಲು ಅಲ್ಲಿದ್ದ ಮುದುಕ, ಎಲ್ಲರೂ ಒಲೆತಾತ ಎನ್ನುತ್ತಿದ್ದವನು, ಬಾಯಲ್ಲಿ ಚುಟ್ಟ ಕಚ್ಚಿಕೊಂಡು ಆ ಒಲೆಯ ಮುಂದೆ ಕೂತಲ್ಲೇ ಪ್ರಾಣ ಬಿಟ್ಟಿದ್ದ. ಈ ಬೆಂಕಿ ಆರಿದ ದಿನ ಒಳಗೆ ಬಂದು ನಾನೇ ಕೂರುತ್ತೇನೆ ಎಂದು ಹೇಳಿಯೇ ಹೋಗಿದ್ದ. ಗಾಳಿ ಗುಮಾಸ್ತ ಇಂಥದ್ದನ್ನೆಲ್ಲ ನಂಬುವವನಲ್ಲ. ನಂಬುವುದಿಲ್ಲ ಎಂದು ಎರಡು ಸಲ ಹೇಳಿಯೂ ಹೇಳಿದ. ಬೆಂಕಿ ಆರಿತು.

ಪರೀಕ್ಷೆಯ ದಿನ ಬೆಳಿಗ್ಗೆ ದಟ್ಟ ಮಂಜು. ಗೇಟು ದಾಟುತ್ತಲೇ ಅವನಿಗೆ ತನ್ನ ಚಪ್ಪಲಿಯ ಸದ್ದು ಕೇಳಿಸಿತು. ಇಷ್ಟು ವರ್ಷದಲ್ಲಿ ಅದು ಅವನಿಗೆ ಅಲ್ಲಿ ಕೇಳಿಸಿರಲೇ ಇಲ್ಲ. ಒಲೆಯ ಗುಡುಗುಡು ನಿಂತುಹೋಗಿತ್ತು. ಯಾವಾಗಲೂ ಬೆಚ್ಚಗಿರುತ್ತಿದ್ದ ಗೋಡೆ ಮುಟ್ಟಿದರೆ ಹೆಣದ ಹಾಗೆ ತಣ್ಣಗಿತ್ತು. ಕೆಲಸದವರು ಸಾವಿನ ಮನೆಗೆ ಬಂದವರಂತೆ ಪಿಸುಗುಟ್ಟುತ್ತ ನಿಂತಿದ್ದರು.

"ಇಷ್ಟು ನಿಶ್ಶಬ್ದವಾಗಿದ್ರೆ ಇದು ಕಾರ್ಖಾನೆ ಅಂತ ಯಾರು ನಂಬ್ತಾರೆ?" ಎಂದಳು ಲೆಕ್ಕದಮ್ಮ. ಲೆಕ್ಕ ಬರೆಯುವುದು ಅವಳ ಕೆಲಸ, ಉಳಿದವರ ಕೆಲಸವನ್ನೆಲ್ಲ ಹೇಳಿಕೊಡುವುದು ಅವಳ ಹವ್ಯಾಸ. ರಟ್ಟು ಒಣಗಿಸುವ ಶೆಡ್ಡಿನ ಹಬೆಯನ್ನು ಹೊರಕ್ಕೆ ದಬ್ಬುವ ದೊಡ್ಡ ಫ್ಯಾನುಗಳಿದ್ದವಲ್ಲ, ಅವಷ್ಟನ್ನೂ ಅವಳು ಹಾಕಿಸಿದಳು. ಚಳಿ ಎಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದಳು. ಕಾರ್ಖಾನೆ ಬೋರ್ಗರೆಯತೊಡಗಿತು. ಒಲೆಯ ಬಾಗಿಲಲ್ಲಿ ಬೆಂಕಿ ನೋಡುವ ಒಂದು ಗಾಜಿನ ಕಿಂಡಿಯಿತ್ತು. ಅದರ ಹಿಂದೆ, ಒಲೆಯೊಳಗೆ, ಕೆಂಪು ಬಟ್ಟೆ ಸುತ್ತಿದ ಒಂದು ಬಲ್ಬನ್ನು ಇಳಿಬಿಟ್ಟಿದ್ದೂ ಅವಳದೇ ಬುದ್ಧಿ. ದೂರದಿಂದ ನೋಡಿದರೆ ಕೆಂಡ ನಿಗಿನಿಗಿ ಉರಿದಂತೆಯೇ ಕಾಣುತ್ತಿತ್ತು.

ಪರೀಕ್ಷೆಯವರು ಇಬ್ಬರು ಬಂದರು. ಒಬ್ಬ ಉದ್ದ, ಒಬ್ಬ ಕುಳ್ಳ. ಇಬ್ಬರೂ ಮಾತಾಡುವವರಲ್ಲ. ಉದ್ದನೆಯವನು ಕಿಂಡಿಯತ್ತ ಒಮ್ಮೆ ನೋಡಿದ, ಗಾಳಿ ಗುಮಾಸ್ತನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದ. ಆಮೇಲೆ ಪೆಟ್ಟಿಗೆ ಹೊತ್ತು ಇಬ್ಬರೂ ಚಿಮಣಿಯ ಏಣಿ ಹತ್ತಿ ಮಂಜಿನೊಳಗೆ ಮಾಯವಾದರು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಅವರ ಪಂಪಿನ ಸದ್ದು ಕೇಳಿಬಂತು. ಉಸ್ಸೆಂದು ಎಳೆಯುವುದು, ತಡೆಯುವುದು, ಮತ್ತೆ ಎಳೆಯುವುದು. ದಮ್ಮು ಹಿಡಿದ ಮುದುಕ ಉಸಿರಾಡಿದಂತಿತ್ತು ಎಂದು ಎಲ್ಲರಿಗೂ ಅನ್ನಿಸಿತು.

ಮೊದಲು ಕಂಡವನು ಬಾಯ್ಲರಣ್ಣ. ಚಿಲಕ ಹಾಕದೆ ಬಿಟ್ಟಿದ್ದ ಒಲೆಯ ಕಬ್ಬಿಣದ ಬಾಗಿಲು, ಯಾರೂ ಮುಟ್ಟದೆ, ಕಿರ್ರೆಂದು ತೆರೆದುಕೊಂಡಿತು. ಒಳಗಿನಿಂದ ತಣ್ಣನೆಯ ಗಾಳಿ ಬೀಸಿತು. ಕೆಂಪು ಬಲ್ಬು ತೂಗಾಡಿತು, ಒಳಗೆ ಯಾರೋ ಕೂತು ಅತ್ತಿತ್ತ ನೋಡಿದ ಹಾಗೆ. ಆಮೇಲೆ, ಒಂದು ಕಿಡಿಯೂ ಇಲ್ಲದ ಆ ಒಲೆಯಿಂದ, ಎಳೆ ಎಳೆಯಾಗಿ ಹೊಗೆ ಹೊರಬಂತು. ಗೋಣಿ ಸುಟ್ಟ ವಾಸನೆ. ಒಲೆತಾತನ ಚುಟ್ಟವೂ ಬದುಕಿದಷ್ಟು ದಿನ ಹಾಗೇ ನಾರುತ್ತಿತ್ತು.

"ಬಂದ," ಎಂದ ಬಾಯ್ಲರಣ್ಣ. ಅಷ್ಟೇ ಹೇಳಿ ಕಾಲಿಗೆ ಬುದ್ಧಿ ಹೇಳಿದ.

ಉಳಿದವರು ಓಡಲಿಲ್ಲ, ಅದಕ್ಕಿಂತ ಕೆಟ್ಟ ಕೆಲಸ ಮಾಡಿದರು, ಸಭೆ ಸೇರಿದರು. ಬೆಂಕಿ ಆರಿಸಿದವನೇ ತಾತನ ಕ್ಷಮೆ ಕೇಳಬೇಕು ಎಂದು ಲೆಕ್ಕದಮ್ಮ ತೀರ್ಪು ಕೊಟ್ಟಳು. ಒಣಗಿಸುವ ಶೆಡ್ಡಿನವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಗುಮಾಸ್ತ, ನಂಬುವುದಿಲ್ಲ ಎಂದು ಮೂರನೆಯ ಸಲ ಹೇಳಲು ಹೊರಟ. ಅಷ್ಟರಲ್ಲಿ ಹಿಂದಿನಿಂದ ಯಾರೋ ಮೆಲ್ಲಗೆ ದೂಡಿದರು. ಒಲೆಯ ಮುಂದೆ ಮೊಣಕಾಲೂರಿದಾಗ ಅವನಿಗೆ ನಿಜವಾಗಿಯೂ ಭಯವಾಗಿತ್ತು. ಒಳಗಿನ ಕತ್ತಲೆ ಚಿಮಣಿಯ ಬುಡದವರೆಗೂ ಹೋಗಿತ್ತು. ಆ ಕತ್ತಲೆಯ ತುದಿಯಿಂದ ಉಸ್ಸೆಂಬ ಉಸಿರು ಬರುತ್ತಿತ್ತು.

"ತಾತ, ಸಂಜೆ ಹಚ್ಚಿಸಿಬಿಡ್ತೀನಿ. ನನ್ನ ಹೊಟ್ಟೆಪಾಡು, ತಪ್ಪು ತಿಳ್ಕೋಬೇಡ."

ಒಲೆ ತಣ್ಣನೆಯ ಬೂದಿಯನ್ನು ಭಸ್ಸೆಂದು ಅವನ ಮುಖಕ್ಕೇ ಊದಿತು. ಸಭೆ ಚದುರಿ ಚೆಲ್ಲಾಪಿಲ್ಲಿಯಾಯಿತು. ಎಲ್ಲರಿಗಿಂತ ಮುಂದೆ ಲೆಕ್ಕದಮ್ಮ ಓಡುತ್ತಿದ್ದಳು.

ಅದೇ ಹೊತ್ತಿಗೆ ಕುಳ್ಳ ಏಣಿಯಿಳಿದು ಬಂದು, ಮೇಲೆ ಬರಬೇಕಂತೆ ಎಂದ. ಬೂದಿ ಬಳಿದ ಮುಖ ನೋಡಿ ಅವನೂ ಒಂದು ಹೆಜ್ಜೆ ಹಿಂದೆ ಸರಿದ.

ಗುಮಾಸ್ತ ಏಣಿ ಹತ್ತಿದ. ಚಿಮಣಿಯ ಸುತ್ತಲಿನ ಅಟ್ಟದ ಮೇಲೆ ಉದ್ದನೆಯವನು ಕೂತಿದ್ದ. ಪಂಪಿನ ನಳಿಗೆಯಿಂದ ತೆಗೆದ, ಬೆಳ್ಳಗಿರಬೇಕಾಗಿದ್ದ, ಹೊಗೆಯ ಧೂಳು ಹಿಡಿಯುವ ಶೋಧಕದ ಬಿಲ್ಲೆಯನ್ನು ಎತ್ತಿ ತೋರಿಸಿದ. ಅದು ಕಾಡಿಗೆಯಷ್ಟು ಕಪ್ಪಾಗಿತ್ತು.

"ನಾವು ಎಷ್ಟೋ ಚಿಮಣಿ ಹತ್ತಿದ್ದೀವಿ ಸಾರ್," ಎಂದ ಉದ್ದನೆಯವನು, ಪಿಸುದನಿಯಲ್ಲಿ. "ಹೊಗೆ ಬಿಡೋದು ನೋಡಿದ್ದೀವಿ. ನಿಮ್ಮದು ಸೇದ್ತಾ ಇದೆ."

ಅವನು ಬೆರಳು ಮಾಡಿದತ್ತ ಗುಮಾಸ್ತ ತಲೆಯೆತ್ತಿದ. ಎರಡಾಳು ಎತ್ತರದಲ್ಲಿ ಚಿಮಣಿಯ ಬಾಯಿ. ಗೋಡೆಯಾಚೆಯ ಬಣ್ಣದ ಕಾರ್ಖಾನೆಯ ಚಿಮಣಿಯಿಂದ ಕರ್ರನೆಯ ಹೊಗೆ ಎದ್ದು, ಮಂಜಿನಲ್ಲಿ ಮೇಲೇರಲಾರದೆ, ನಿಧಾನವಾಗಿ ಹೊರಳುತ್ತ ಈಚೆಗೆ ಬಂದು, ಜಡೆಯಂತೆ ಹೊಸೆದುಕೊಂಡು, ಇವರ ಚಿಮಣಿಯೊಳಗೆ ಸದ್ದಿಲ್ಲದೆ ಇಳಿಯುತ್ತಿತ್ತು. ಅದು ಹಾಗೆ ಇಳಿಯುವುದನ್ನು ನೋಡುತ್ತ ನಿಂತಾಗ ಒಲೆತಾತನೇ ವಾಸಿ ಅನ್ನಿಸಿತು.

ಕಾರಣ ತಿಳಿಯಲು ಮಂತ್ರವಾದಿ ಬೇಕಾಗಿರಲಿಲ್ಲ. ಕೆಳಗೆ ಲೆಕ್ಕದಮ್ಮನ ಫ್ಯಾನುಗಳು ಗಾಳಿಯನ್ನು ಹೊರಕ್ಕೆ ದಬ್ಬುತ್ತಿದ್ದವು. ಕಿಟಕಿಗಳೆಲ್ಲ ಮುಚ್ಚಿದ್ದವು. ಒಳಗೆ ಬರಲು ಗಾಳಿಗೆ ಉಳಿದದ್ದು ತಣ್ಣಗಾದ ಚಿಮಣಿಯೊಂದೇ. ನಿನ್ನೆ ಪರೀಕ್ಷೆಗೆಂದು ಬೆಂಕಿ ಆರಿಸಿದ್ದ ಭಾವ, ನಿಂತುಹೋದ ಕೆಲಸ ತೂಗಿಸಲು ಇವತ್ತು ಹಳೆಯ ಗೋಣಿ, ಕಸ, ಕಡ್ಡಿ ಎಲ್ಲ ತುಂಬಿ ಎರಡು ಪಟ್ಟು ಉರಿಸುತ್ತಿದ್ದ. ಮಂಜು ಸರಿದ ಸಂದಿಯಲ್ಲಿ ಕಂಡಂತೆ, ತನ್ನ ಕಾರ್ಖಾನೆಯ ಅಂಗಳದಲ್ಲಿ ನಿಂತು, ಕೈ ಬೀಸುತ್ತ, ಪಾಸಾ ಎಂದು ಹೆಬ್ಬೆರಳೆತ್ತಿ ಕೇಳುತ್ತಲೂ ಇದ್ದ.

"ಬಿಲ್ಲೆಯಲ್ಲಿ ಸಿಕ್ಕಿದ್ದನ್ನ ನಾನು ಬರೀತೀನಿ," ಎಂದ ಉದ್ದನೆಯವನು. "ಈ ಹೊಗೆ ಯಾರದು ಅಂತ ನೀವು ಹೇಳಬೇಕು. ಪಕ್ಕದವರದು ಅಂದ್ರೆ, ನಿಮ್ಮ ಚಿಮಣಿ ಒಳಗೆ ಯಾಕೆ ಬಂತು ಅಂತಲೂ ಬರೀಬೇಕಾಗುತ್ತೆ."

ಅತ್ತ ದರಿ, ಇತ್ತ ಪುಲಿ. ಪಕ್ಕದವರದು ಎಂದರೆ ಬೆಂಕಿ ಆರಿಸಿದ ಮೋಸ ಹೊರಬಿದ್ದು ಕಾರ್ಖಾನೆಗೇ ಬೀಗ, ಭಾವನಿಗೂ ಬೀಗ, ಅಕ್ಕನ ಕಣ್ಣೀರು. ನಮ್ಮದು ಎಂದರೆ ಹೋಗುವುದು ತನ್ನ ಕುರ್ಚಿಯೊಂದೇ. ಗುಮಾಸ್ತ ಬೂದಿ ಮೆತ್ತಿದ ತುಟಿಯನ್ನು ಒರೆಸಿಕೊಂಡ.

"ನಮ್ಮದೇ ಸಾರ್," ಎಂದ.

ಸಂಜೆ ಯಜಮಾನರ ಕೋಣೆಯಲ್ಲಿ ಅವನು ಕೂರಲಿಲ್ಲ, ಕೂರೆಂದು ಅವರೂ ಹೇಳಲಿಲ್ಲ. ಅವರಿಗೆ ಒಂದೇ ಒಂದು ಪ್ರಶ್ನೆಯಿತ್ತು. ಪಕ್ಕದ ಕಾರ್ಖಾನೆಯವರು ನಿನ್ನೆ ಪಾಸಾಗಿದ್ದಾರೆ, ಇದೇ ಕಂಪನಿ, ಇದೇ ಗೋಡೆ, ಇದೇ ಗಾಳಿ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಉತ್ತರಕ್ಕೆ ಅವರು ಕಾಯಲಿಲ್ಲ. ವ್ಯತ್ಯಾಸ ಇರುವುದು ಮನುಷ್ಯನಲ್ಲಿ ಎಂದು ತಾವೇ ಹೇಳಿ, ಪಕ್ಕದ ಕಾರ್ಖಾನೆಯ ಆ ಮನುಷ್ಯನಿಗೆ ತಾವಾಗಲೇ ಫೋನು ಮಾಡಿದ್ದಾಗಿಯೂ, ಅವನು ಒಪ್ಪಿದ್ದಾಗಿಯೂ, ಅವನ ಮುಲಾಜಿಗೆ ಇವನನ್ನು ತೆಗೆಯದೆ ಅವನ ಕೈಕೆಳಗೆ ಇಟ್ಟುಕೊಳ್ಳುವುದಾಗಿಯೂ ತಣ್ಣಗೆ ತಿಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಗುಮಾಸ್ತನಿಗೆ ಗೊತ್ತಿತ್ತು. ಎತ್ತನ್ನೇ ತಂದು ಎಮ್ಮೆಗೆ ಸಾಹೇಬನನ್ನಾಗಿ ಮಾಡುವುದು ಅವನಿಗೆ ಹೊಸದು. ಅವನಿಗೆ ಅಳು ಬಂತು, ಆದರೆ ಯಜಮಾನರ ಎದುರಿಗೆ ಅಳುವ ಧೈರ್ಯ ಬರಲಿಲ್ಲ.

ಮಾರನೆಯ ವಾರ ಭಾವ ಬಂದು ಅದೇ ಕುರ್ಚಿಯಲ್ಲಿ ಕೂತ. ಮೈದುನನನ್ನು ಪ್ರೀತಿಯಿಂದ ಎದುರಿಗೆ ಕೂರಿಸಿಕೊಂಡು, ಆದದ್ದು ಆಯಿತು, ಮರುಪರೀಕ್ಷೆಗೆ ತಾನಿದ್ದೇನೆ ಎಂದು ಧೈರ್ಯ ಹೇಳಿದ.

"ನನಗೆ ಒಂದೇ ಅನುಮಾನ ಕಣೋ," ಎಂದ ಭಾವ, ತಲೆ ಕೆರೆದುಕೊಳ್ಳುತ್ತ. "ನೀನು ಬೆಂಕಿ ಸರಿಯಾಗಿ ಆರಿಸಿಲ್ಲ."